ಗಾಳಿಯ ಕಡೆ ಬೆನ್ನು

ಎಂಟನೇ ತರಗತಿ ಬಿ ವಿಭಾಗದ ಕಿಟಕಿಗಳಿಗೆ
ಗೊಬ್ಬರದ ಚೀಲ ಹೊಲಿದು ಕಟ್ಟಿದ್ದೇವೆ.
ಗೋಡೆಗೆ ನಮ್ಮ ಮನೆಯ ಬಿಳಿ ದುಪ್ಪಟಿ,
ಮೂಲೆಯಲ್ಲಿ ಎಷ್ಟು ಒಗೆದರೂ ಹೋಗದ ಅರಿಸಿನದ ಕಲೆ.
ಯಾವ ದೇಶದ ಚಿತ್ರ ಬಿಟ್ಟರೂ
ಅದರ ಆಕಾಶದಲ್ಲಿ ಅಲ್ಲೊಂದು ಹಳದಿ ಮೋಡ.

ಶುಕ್ರವಾರ, ಕೊನೆಯ ಪಿರಿಯಡ್ಡು, ಹನ್ನೊಂದು ನಿಮಿಷದ ಚಿತ್ರ.
ಅದಕ್ಕಿಂತ ಉದ್ದದ್ದು ತಂದರೆ ನಡುವೆ ಕರೆಂಟು ಹೋಗುತ್ತದೆ.
ಹೋದ ತಿಂಗಳು ಬಾಂಗ್ಲಾದ ನದಿಯೊಂದು
ಅರ್ಧ ಊರು ನುಂಗಿ ನಿಂತೇಬಿಟ್ಟಿತು.
ಉಳಿದರ್ಧ ಏನಾಯಿತೆಂದು ಮಕ್ಕಳು ಇನ್ನೂ ಕೇಳುತ್ತಾರೆ.

ಇವತ್ತು ಘಾನಾ.
ಗ್ಲೋಬಿನಲ್ಲಿ ಬೆರಳಿಟ್ಟು ತೋರಿಸಿದೆ,
ಸಮುದ್ರದ ಬದಿಗೆ ಬಣ್ಣ ಸವೆದಿತ್ತು.
ನಾವು ಎಸೆದ ಟೀವಿ, ಕಂಪ್ಯೂಟರು, ಚಾರ್ಜರಿನ ವಯರು
ಹಡಗು ಹತ್ತಿ ಇಂಥಲ್ಲಿಗೆ ಹೋಗುತ್ತವೆ ಎಂದೆ.
"ನಮ್ಮನೇಲಿ ಟೀವಿ ಇನ್ನೂ ಎಸೆದಿಲ್ಲ ಮಿಸ್" ಎಂದ ಕೊಟ್ರೇಶ.
ಎಲ್ಲರೂ ನಕ್ಕರು. ನಾನೂ.

ಆಮೇಲೆ ಕಪ್ಪು ಬಯಲು.
ವಯರಿನ ಸಿಂಬೆಗೆ ಬೆಂಕಿಯಿಟ್ಟು
ಒಳಗಿನ ತಾಮ್ರಕ್ಕೆ ಕಾಯುವ ಹುಡುಗ,
ಕಾಲಲ್ಲಿ ಜೋಡಿಯಲ್ಲದ ಎರಡು ಚಪ್ಪಲಿ.
ಕೆಳಗೆ ಇಂಗ್ಲಿಷು ಓಡುತ್ತಿತ್ತು, ಅದರ ಹಿಂದೆ ನಾನು
ಏದುಸಿರು ಬಿಡುತ್ತ ಕನ್ನಡದಲ್ಲಿ:
ಇವನ ಹೆಸರು ಕ್ವೇಸಿ, ಶಾಲೆ ಬಿಟ್ಟು ಎರಡು ವರ್ಷ.
ಮಕ್ಕಳು ಉಸಿರೆತ್ತದೆ ನೋಡಿದರು.
ಪಾಠ ನಾಟುತ್ತಿದೆಯೆಂದು ಒಳಗೊಳಗೇ
ಸಂತೋಷವೂ ಆಯಿತು ನನಗೆ, ನಾಚಿಕೆಗೇಡು.

ಹಿಂದಿನ ಬೆಂಚಿನಿಂದ ಮುಬೀನಾ,
ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವಳು:
"ಮಿಸ್, ಅದು ಬರೇ ವಯರಿನ ಹೊಗೆ ಅಲ್ಲ.
ಕೆಳಗೆ ಟಯರು ಹಾಕ್ಯಾರೆ.
ಟಯರಿನ ಹೊಗೆ ಸೀದಾ ಮೇಲೆ ಹೋಗಲ್ಲ,
ಮೊದಲು ಪಕ್ಕಕ್ಕೆ ಮಲಗ್ತೈತೆ."

ಚಿತ್ರ ನಿಲ್ಲಿಸಿದೆ.

"ಅವನು ಗಾಳಿಗೆ ಎದುರು ನಿಂತಾನೆ, ಎಲ್ಲಾ ಬಾಯಿಗೇ.
ಗಾಳಿ ಬರೋ ಕಡೆ ಬೆನ್ನು ಮಾಡಬೇಕು.
ನಮ್ಮಮ್ಮಿ ಮೊದಲನೇ ದಿನ ಹೇಳಿಕೊಟ್ಟಿದ್ದೇ ಅದು.
ಅವನಿಗೆ ಯಾರೂ ಹೇಳಿಲ್ಲೇನು?
ಕ್ಯಾಮೆರಾ ಹಿಡಿದೋರು ಅಲ್ಲೇ ಇದ್ರಲ್ಲ?"

ದುಪ್ಪಟಿಯ ಮೇಲೆ ಹುಡುಗ ಕೆಮ್ಮಿನ ನಡುವೆ ನಿಂತಿದ್ದ,
ತೆರೆದ ಬಾಯಿ ತೆರೆದಂತೆ.
ಪ್ರೊಜೆಕ್ಟರಿನ ಫ್ಯಾನು ಮಾತ್ರ ತಿರುಗುತ್ತಿತ್ತು.
ನನ್ನ ಕೈಯಲ್ಲಿ ಪ್ರಶ್ನೆಯ ಹಾಳೆಗಳು:
ಈ ಸಮಸ್ಯೆಗೆ ಮೂರು ಕಾರಣ ಬರೆಯಿರಿ.
ಎರಡು ಪರಿಹಾರ ಸೂಚಿಸಿರಿ. ಐದು ಅಂಕ.

ಮಂಡಕ್ಕಿ ಭಟ್ಟಿಗಳು ಇಲ್ಲಿಂದ ಎರಡು ಕಿಲೋಮೀಟರು.
ಇಪ್ಪತ್ತಾರು ವರ್ಷ ಇದೇ ದಾವಣಗೆರೆಯಲ್ಲಿ
ಸಂಜೆ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಬಿಚ್ಚುತ್ತ
ಎಷ್ಟು ಬೆಳ್ಳಗಿದೆ ಎಂದಿದ್ದೇನೆ.
ಬೆಳಗಿನ ಜಾವ ಮೂರಕ್ಕೆದ್ದು ಅದನ್ನು ಹುರಿದವಳು
ಹತ್ತಕ್ಕೆ ನನ್ನ ಪಾಠದಲ್ಲಿ ತೂಕಡಿಸಿದರೆ
ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

"ಮುಂದೆ ಬಾರಮ್ಮ, ನೀನೇ ಹೇಳು."
ಬಂದಳು. ಬೆಳಕಿಗೆ ಅಡ್ಡ ನಿಂತಳು.
ಅವಳ ನೆರಳು ಬಯಲಿಗಿಳಿದು
ಕ್ವೇಸಿಯ ಹೆಗಲಿಗೆ ತಾಗಿತು.

ಕೊಟ್ರೇಶನಿಗೆ ಹುರುಪು: "ಭಟ್ಟಿದೂ ಒಂದು ಪಿಕ್ಚರ್ ತೆಗೆಯೋಣ,
ಮಿಸ್ ಫೋನಲ್ಲಿ!"
ಮುಬೀನಾ ಉಗುರು ನೋಡಿಕೊಂಡಳು.
"ತೆಗೀರಿ. ಮೊದಲು ನಮ್ಮಮ್ಮೀನ ಕೇಳಿ.
ಬರೇ ಹೊಗೆ ತೆಗೀಬ್ಯಾಡ್ರಿ.
ಉಪ್ಪು ಹಾಕಿದ ಅಕ್ಕಿ ಬಿಸಿ ಮರಳಿಗೆ ಬಿದ್ದು
ಒಂದೇ ಸಲಕ್ಕೆ ಅರಳ್ತೈತಲ್ಲ, ಅದನ್ನೂ ತೆಗೀರಿ.
ಮುಬೀನಾ ಅಂತ ಹೆಸರು ಹಾಕ್ಬ್ಯಾಡ್ರಿ, ಸೇಠು ಬೈತಾನೆ."

ಗಂಟೆ ಹೊಡೆಯಿತು. ನಾಲ್ಕು ನಿಮಿಷದ ಘಾನಾ ಹಾಗೇ ಉಳಿಯಿತು.

ರಾತ್ರಿ ಹಾಳೆ ತಿದ್ದಲು ಕೂತೆ.
ಎಲ್ಲರೂ ಬರೆದಿದ್ದಾರೆ: ಜಾಗೃತಿ, ಕಾನೂನು, ಸರ್ಕಾರ, ಶಿಕ್ಷಣ.
ನಾನೇ ಬರೆಸಿದ ಪದಗಳು, ದುಂಡಗಿವೆ.
ಪರಿಹಾರದ ಜಾಗದಲ್ಲಿ ಮುಬೀನಾ
ಎರಡು ಕೇಳಿದರೆ ಒಂದೇ ಬರೆದಿದ್ದಾಳೆ:
ಅವನನ್ನು ಈ ಕಡೆ ಕರೀಬೇಕು.

ಅಂಕ ಹಾಕಿಲ್ಲ ಇನ್ನೂ.
ಮಹಡಿಯ ಮೇಲೆ ಒಗೆದು ಹಾಕಿದ ದುಪ್ಪಟಿ
ಕತ್ತಲಲ್ಲಿ ಉಬ್ಬಿ ನಮ್ಮ ಮನೆಯತ್ತ ಬಾಗುತ್ತಿದೆ.
ಗಾಳಿ ಭಟ್ಟಿಯ ಕಡೆಯಿಂದ.